ಕೆಂಚಿಯ ಬೆನ್ನೂ ಇಬ್ಬರು ಗುರುಗಳೂ

ಎಲ್ಲರೂ ಕೂತಿರಾ? ಹಾಗಾದರೆ ಕೇಳಿ.

ಅಂಕಣದುರ್ಗ ಅಂತ ಒಂದು ರಾಜ್ಯ ಇತ್ತು. ಬಹಳ ದೊಡ್ಡ ರಾಜ್ಯ. ಬೆಳಿಗ್ಗೆ ಗಂಜಿ ಕುಡಿದು ಕುದುರೆ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಗಡಿ ಸುತ್ತಿ ಮನೆಗೆ ಬರಬಹುದು, ಅಷ್ಟು ದೊಡ್ಡದು. ಅದಕ್ಕೊಬ್ಬ ರಾಜ, ಬೊಮ್ಮಭೂಪ. ಬಿರುದುಗಳನ್ನೆಲ್ಲ ಸೇರಿಸಿ ಅವನ ಹೆಸರು ಹೇಳಿ ಮುಗಿಸೋದಕ್ಕೆ ಗಡಿ ಸುತ್ತೋದಕ್ಕಿಂತ ಹೆಚ್ಚು ಹೊತ್ತು ಬೇಕು. ನಾವು ಬರೀ ರಾಜ ಅನ್ನೋಣ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಹೊಸ ರಾಜ ಪಟ್ಟಕ್ಕೆ ಬಂದ ಮೇಲೆ ಮೊದಲ ಯುಗಾದಿಯ ಮಾರನೇ ದಿನ ಕುದುರೆ ಮೇಲೆ ಕೂತು ಗಡಿಗಲ್ಲುಗಳನ್ನೆಲ್ಲ ಸುತ್ತಿ ಬರಬೇಕು. ಆ ಸವಾರಿಗೆ ರಾಜವಂಶದ ಹಳೇ ಜೀನನ್ನೇ ಹಾಕಬೇಕು. ಆ ಜೀನಿಗೆ ಪ್ರತಿ ರಾಜನೂ ಪಟ್ಟವಾದ ದಿನ ಒಂದು ಬೆಳ್ಳಿ ಹೂವು ಇಟ್ಟು, ತನ್ನ ಕೈಯಾರೆ ಮೊಳೆ ಹೊಡೆಯಬೇಕು. ಆರು ರಾಜರ ಆರು ಹೂವು ಅದರ ಮೇಲಿದ್ದವು. ನಮ್ಮ ರಾಜ ಏಳನೆಯದನ್ನು ಹೊಡೆದ.

ಹೇಗೆ ಹೊಡೆದ ಅಂತೀರಿ! ಹುಟ್ಟಿದಾಗಿನಿಂದ ಸುತ್ತಿಗೆ ಮುಟ್ಟಿದವನಲ್ಲ. ಬಡಗಿ ಒಂದು ಗಿಡ್ಡ ಮೊಳೆ ಕೊಟ್ಟ. "ಇಷ್ಟೇ ಇಷ್ಟಾ? ನಮ್ಮ ಅಂತಸ್ತಿಗೆ ತಕ್ಕದ್ದು ಕೊಡಯ್ಯಾ" ಅಂತ ರಾಜ ತಾನೇ ಒಂದು ಉದ್ದದ್ದನ್ನು ಆರಿಸಿಕೊಂಡ. ಹಲ್ಲು ಕಚ್ಚಿಕೊಂಡು ಮೂರೇ ಏಟಿಗೆ ಬಡಿದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮೊಳೆ ಹೂವು ದಾಟಿ, ತೊಗಲು ದಾಟಿ, ಅದರ ಕೆಳಗಿನ ಮರವನ್ನೂ ದಾಟಿ ಅಡಿಯ ಮೆತ್ತೆಯೊಳಗೆ ಹೋಗಿ ಕೂತಿತು. ಜೀನಿನ ಮೇಲೆ ಯಾರೂ ಕೂರದಿದ್ದಾಗ ಮೆತ್ತೆ ಉಬ್ಬಿ ಅದರ ತುದಿಯನ್ನು ಮುಚ್ಚಿಕೊಳ್ಳುತ್ತಿತ್ತು. ಭಾರ ಬಿದ್ದಾಗ ಮಾತ್ರ ತುದಿ ಈಚೆ ಬರುತ್ತಿತ್ತು. ಕೂತವನಿಗೆ ಏನೂ ಗೊತ್ತಾಗದು. ಹೊತ್ತವರಿಗಷ್ಟೇ ಗೊತ್ತು.

ಹೊತ್ತವಳು ಕೆಂಚಿ. ಕೆಂಪು ಮೈಯ ಎಳೇ ಹೆಣ್ಣು ಕುದುರೆ. ಸಾಧು ಅಂದರೆ ಅಷ್ಟು ಸಾಧು. ಜೀನು ಬಿಗಿದರೆ ಸುಮ್ಮನೆ ನಿಲ್ಲುತ್ತಿದ್ದಳು, ಕಡಿವಾಣ ಹಾಕಿದರೆ ಬಾಯಿ ತೆರೆಯುತ್ತಿದ್ದಳು, ನಡೆ ಅಂದರೆ ನಡೆಯುತ್ತಿದ್ದಳು.

ರಾಜ ಮೊದಲ ಸಲ ಹತ್ತಿದ. ಕೆಂಚಿ ಚಂಗನೆ ನೆಗೆದಳು. ರಾಜ ಹುಲ್ಲಿನ ಮೆದೆ ಮೇಲೆ ಬಿದ್ದ. ಎರಡನೇ ಸಲ ಹತ್ತಿದ. ನೀರಿನ ತೊಟ್ಟಿಗೆ ಬಿದ್ದ. ಮೂರನೇ ಸಲ ಹತ್ತಿದ. ಅವತ್ತು ಪಕ್ಕದ ರಾಜ್ಯದ ದೂತ ಬಂದಿದ್ದ. ಸರಿಯಾಗಿ ಅವನ ಕಾಲಬುಡಕ್ಕೇ ಬಿದ್ದ. ದೂತ ಬಗ್ಗಿ, "ಏಳಿ ಪ್ರಭು, ಇಷ್ಟೆಲ್ಲ ಮರ್ಯಾದೆ ನನಗ್ಯಾಕೆ?" ಅಂದ.

ರಾಜನಿಗೆ ಮೈಯೆಲ್ಲ ಉರಿದುಹೋಯಿತು. "ಯುಗಾದಿಯೊಳಗೆ ಈ ಕುದುರೆಯನ್ನು ಪಳಗಿಸಿದವನಿಗೆ ಅಶ್ವಗುರು ಅನ್ನೋ ಪಟ್ಟ. ಅಲ್ಲೀತನಕ ಅರಮನೆ ಊಟ. ಪಳಗದಿದ್ದರೆ ಕುದುರೆ ಗಾರೆ ಗಾಣಕ್ಕೆ!" ಅಂತ ಡಂಗುರ ಹೊಡೆಸಿದ.

ಗಾರೆ ಗಾಣ ಅಂದರೆ ಗೊತ್ತಲ್ಲ? ಕೋಟೆಗೆ ಸುಣ್ಣ ಮರಳು ಅರೆಯುವ ಕಲ್ಲಿನ ಗಾಣ. ಅದಕ್ಕೆ ಕಟ್ಟಿದ ಪ್ರಾಣಿಗೆ ಕಣ್ಣಿಗೆ ಬಟ್ಟೆ. ಸುತ್ತಿದ್ದೇ ಸುತ್ತು. ಸುಣ್ಣದ ಧೂಳು ಕುಡಿದು ಕುಡಿದು ಎರಡು ವರ್ಷ ಬದುಕಿದರೆ ಹೆಚ್ಚು. ಪಾಪ, ಕೆಂಚಿಗೆ ಆಗ ನಾಲ್ಕೇ ವರ್ಷ.

ಡಂಗುರ ಕೇಳಿ ಇಬ್ಬರು ಬಂದರು.

ಮೊದಲನೆಯವನು ಚಾಟಿ ಭರಮಣ್ಣ. ಮೀಸೆ ಒಂದು ಗೇಣು, ಚಾಟಿ ಮೂರು ಮಾರು. ತಾತನ ಕಾಲದಿಂದ ಕುದುರೆ ಪಳಗಿಸೋ ಮನೆತನ. "ಕುದುರೆಗೆ ಮೊದಲು ಭಯ ಇರಬೇಕು. ಭಯ ಬಂತು ಅಂದ್ರೆ ಬುದ್ಧಿ ತಾನೇ ಬರ್ತದೆ. ಬೆನ್ನು ಮುರಿಯೋ ಹಂಗೆ ನಾಕು ಬಿಡಬೇಕು, ನೀರಿಲ್ದೆ ಒಂದು ದಿನ ಕಟ್ಟಬೇಕು. ನಮ್ಮಪ್ಪ ಹಿಂಗೇ ಮಾಡ್ತಿದ್ದ, ಅವರಪ್ಪಾನೂ ಹಿಂಗೇ ಮಾಡ್ತಿದ್ದ" ಅಂತ ಅವನ ಉಪದೇಶ. ಅವರಪ್ಪನನ್ನು ಎರಡು ಕುದುರೆ ಒದ್ದಿದ್ದವು. ಆ ಭಾಗವನ್ನು ಅವನು ಹೇಳುತ್ತಿರಲಿಲ್ಲ.

ಎರಡನೆಯವನು ಪಿಸುಮಾತಿನ ಚಿದಂಬರಯ್ಯ. ಹೆಗಲ ಮೇಲೆ ರೇಷ್ಮೆ ಶಾಲು, ಮುಖದಲ್ಲಿ ಸದಾ ನಗು. "ಕಾಡಿನಲ್ಲಿ ಕುದುರೆಗಳಿಗೆ ಯಾರು ಸ್ವಾಮಿ ಚಾಟಿ ತೋರಿಸ್ತಾರೆ? ಗುಂಪಿನ ಹಿರೇ ಕುದುರೆ ಕಿವಿ ಆಡಿಸಿದರೆ ಸಾಕು, ಮಿಕ್ಕವೆಲ್ಲ ಅರ್ಥ ಮಾಡಿಕೊಳ್ತವೆ. ನಾವು ಆ ಹಿರೇ ಕುದುರೆ ಆಗಬೇಕು. ಕುದುರೆಯ ಉಸಿರಿಗೆ ನಮ್ಮ ಉಸಿರು ಸೇರಿಸಬೇಕು" ಅನ್ನುತ್ತಿದ್ದ. ಉಸಿರು ಸೇರಿಸೋದಕ್ಕೆ ಮುಂಚೆ ದಿನಾ ನಾಲ್ಕು ಹೋಳಿಗೆ ಆಗಬೇಕಿತ್ತು.

ಮೊದಲ ದಿನ ಭರಮಣ್ಣ ಕೆಂಚಿಗೆ ನಾಲ್ಕು ಬಿಟ್ಟು, ಜೀನು ಬಿಗಿದು, ಹತ್ತಿ ಕೂತ. ಎಲ್ಲಿಗೆ ಹೋದ? ತೊಟ್ಟಿಗೆ. ಮೈ ಒರೆಸಿಕೊಂಡು ಬಂದು ಜೀನು ಬಿಚ್ಚಿ, ಅಡಿಗೆ ಅಂಗೈಯಿಟ್ಟು, ಮೇಲಿನಿಂದ ಮೊಣಕಾಲಲ್ಲಿ ಒತ್ತಿ ನೋಡಿದ. ಚುಚ್ಚಿತು. ಅವನೇನು ದಡ್ಡನಲ್ಲ. ಇದು ರಾಜರು ಹೊಡೆದ ಮೊಳೆ ಅಂತ ತಕ್ಷಣ ಹೊಳೆಯಿತು. ಹೇಳಿದರೆ ತಲೆ ಹೋಗುತ್ತದೆ. ತಲೆ ಉಳಿದರೂ ಊಟ ಹೋಗುತ್ತದೆ, ಯಾಕೆಂದರೆ ಮೊಳೆ ಕೀಳೋದಕ್ಕೆ ಅಶ್ವಗುರು ಯಾಕೆ ಬೇಕು, ಇಕ್ಕಳ ಸಾಕು. ಅಂಗೈಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದು, "ಬಹಳ ಹಟಮಾರಿ ಕುದುರೆ ಬುದ್ಧೀ, ಹೊತ್ತು ಹಿಡೀತದೆ" ಅಂದ.

ಎರಡನೇ ದಿನ ಚಿದಂಬರಯ್ಯ ಕೆಂಚಿಯ ಕಿವಿಯಲ್ಲಿ ಒಂದು ಗಂಟೆ ಪಿಸುಗುಟ್ಟಿ, ನಗುನಗುತ್ತಾ ಹತ್ತಿ ಕೂತ. ಅವನೂ ತೊಟ್ಟಿಗೇ. ಅವನೂ ಜೀನಿನ ಅಡಿಗೆ ಕೈಯಿಟ್ಟು ಒತ್ತಿದ. ಅವನಿಗೂ ಚುಚ್ಚಿತು. ಅವನಿಗೂ ತಲೆ, ಊಟ ಎರಡೂ ನೆನಪಾದವು. ಹೊರಗೆ ಬಂದು, "ಈ ಕುದುರೆಗೆ ಎಳೆತನದಲ್ಲಿ ಯಾವುದೋ ದುಃಖ ಆಗಿದೆ ಪ್ರಭು. ನಿಧಾನವಾಗಿ ಕರಗಿಸಬೇಕು" ಅಂದ.

ಮೂರನೇ ದಿನದಿಂದ ಇಬ್ಬರೂ ಕುದುರೆ ಹತ್ತಿರ ಹೋಗೋದನ್ನೇ ಬಿಟ್ಟು ಸಭೆಯಲ್ಲಿ ವಾದಕ್ಕೆ ಕೂತರು. ವಾದ ಮಾಡಿದರೆ ಯಾರೂ ತೊಟ್ಟಿಗೆ ಬೀಳೋದಿಲ್ಲ ನೋಡಿ.

"ಕಿವಿ ಆಡಿಸಿದ್ರೆ ಕುದುರೆ ಕೇಳ್ತದಂತೆ! ಎಲ್ಲಿ ಸ್ವಾಮಿ, ನಿಮ್ಮ ಕಿವಿ ಒಂದ್ಸಲ ಆಡಿಸಿ, ನೋಡಿ ಕಣ್ತುಂಬ್ಕೊಳ್ತೀವಿ" ಅನ್ನುತ್ತಿದ್ದ ಭರಮಣ್ಣ.

"ಹೊಡೆದು ಕಲಿಸಿದ್ದು ಹೊಡೆಯೋ ಕೈ ಎದುರಿಗೆ ಇರೋ ತನಕ ಮಾತ್ರ ಭರಮಣ್ಣನವರೇ. ಕೈ ಕೆಳಗಿಳೀತು ಅಂದರೆ ವಿದ್ಯೆಯೂ ಇಳೀತು" ಅನ್ನುತ್ತಿದ್ದ ಚಿದಂಬರಯ್ಯ.

"ಕಾಡಲ್ಲಿ ಕುದುರೆ ಮೇಲೆ ಯಾವ ರಾಜ ಕೂತಿದ್ದ? ಕಾಡಿನ ಬುದ್ಧಿ ಇಟ್ಕೊಂಡು ನಾಡಲ್ಲಿ ಸವಾರಿ ಆಗ್ತದಾ?"

"ನಾಡಿನ ಬುದ್ಧಿ ಅಂದರೆ ಚಾಟಿಯಾ?"

ಸುಳ್ಳು ಹೇಳಬಾರದು, ಇಬ್ಬರ ಮಾತಲ್ಲೂ ಅಷ್ಟಿಷ್ಟು ನಿಜ ಇತ್ತು. ಅದಕ್ಕೇ ಊರು ಎರಡು ಭಾಗ ಆಯಿತು. ಚಾಟಿ ಪಕ್ಷ, ಪಿಸುಮಾತಿನ ಪಕ್ಷ. ಕುದುರೆಯ ಮುಖವನ್ನೇ ನೋಡದ ಬಳೆಗಾರರು, ಗಾಣಿಗರು, ಅಡಿಗೆ ಭಟ್ಟರು ಎಲ್ಲರೂ ಕುದುರೆ ಮನಸ್ಸಿನ ವಿಷಯದಲ್ಲಿ ಪಂಡಿತರಾದರು. ಗಂಡ ಚಾಟಿ ಪಕ್ಷ, ಹೆಂಡತಿ ಪಿಸುಮಾತಿನ ಪಕ್ಷ. ಒಂದೇ ಮನೆಯಲ್ಲಿ ಎರಡು ಒಲೆ. ಗೊತ್ತಾಗಿದ್ದ ಒಂದು ಮದುವೆಯೂ ಮುರಿದುಬಿತ್ತು. ಇಬ್ಬರು ಗುರುಗಳು ಮಾತ್ರ ಹಗಲೆಲ್ಲ ಜಗಳ ಆಡಿ, ಊಟಕ್ಕೆ ಅಕ್ಕಪಕ್ಕದ ಎಲೆಯಲ್ಲೇ ಕೂತು, ಒಬ್ಬರಿಗೊಬ್ಬರು ತುಪ್ಪ ಬಡಿಸಿಕೊಳ್ಳುತ್ತಿದ್ದರು.

ಯುಗಾದಿಗೆ ಮೂರು ದಿನ ಉಳಿಯಿತು. ಗಾರೆ ಗಾಣದವರು ಬಂದು ಕೆಂಚಿಯ ಎತ್ತರ ಅಳೆದುಕೊಂಡು ಹೋದರು.

ಅರಮನೆ ಲಾಯಕ್ಕೆ ದಿನಾ ಹುಲ್ಲು ತರುತ್ತಿದ್ದವಳು ಚಿಕ್ಕೀರಮ್ಮ ಅನ್ನೋ ಹೆಂಗಸು. ಹುಲ್ಲು ಹಾಕಬೇಕು, ಹೋಗಬೇಕು, ಜೀನು ಕಡಿವಾಣ ಮುಟ್ಟುವ ಹಾಗಿಲ್ಲ. ಗಾಣದವರು ಅಳತೆ ತೆಗೆದುಕೊಂಡು ಹೋಗಿದ್ದನ್ನು ಅವಳು ನೋಡಿದಳು. ಕೆಂಚಿಯ ಮುಂದೆ ಹುಲ್ಲಿನ ಹೊರೆ ಇಳಿಸಿ, ಹಣೆ ಮುಟ್ಟಿ, "ಯಾಕವ್ವಾ ಹಿಂಗೆ ಮಾಡ್ತೀಯ? ಏನಾಗ್ತದೆ ನಿಂಗೆ?" ಅಂತ ಕೇಳಿದಳು.

ಒಂದು ಮಾತು ಹೇಳೋದು ಮರೆತೆ. ಆ ಕಾಲದಲ್ಲಿ ಪ್ರಾಣಿಗಳಿಗೆ ಮಾತು ಬರುತ್ತಿತ್ತು. ಆದರೆ ಯಾರಾದರೂ ಕೇಳಿದರೆ ಮಾತ್ರ ಆಡುತ್ತಿದ್ದವು. ಕೇಳದೆ ಬಾಯಿ ಹಾಕೋದು ಮನುಷ್ಯರ ಅಭ್ಯಾಸ.

"ಬೆನ್ನಿಗೆ ಮೊಳೆ ಚುಚ್ತದೆ" ಅಂದಳು ಕೆಂಚಿ. "ಜೀನಿನ ಮೇಲೆ ಏಳನೇ ಹೂವು ಇದೆಯಲ್ಲ, ಅದರದ್ದು. ಯಾರಾದರೂ ಕೂತರೆ ಒಳಗೆ ಇಳೀತದೆ. ತಡಕೊಳ್ಳೋಕೆ ನೋಡಿದೆ ಚಿಕ್ಕೀರಮ್ಮ. ಐದು ಸಲವೂ ನೋಡಿದೆ. ಆಗಲಿಲ್ಲ."

"ಅಯ್ಯೋ ನನ್ ತಾಯಿ! ಗುರುಗಳಿಗೆ ಹೇಳಬಾರದಾಗಿತ್ತಾ?"

"ಒಬ್ಬರು ಮಾತೇ ಆಡಲಿಲ್ಲ, ಹೊಡೆದರು. ಇನ್ನೊಬ್ಬರು ಮಾತು ನಿಲ್ಲಿಸಲೇ ಇಲ್ಲ. ನಾನು ಯಾವಾಗ ಹೇಳಲಿ? ಆಮೇಲೆ ಇಬ್ಬರೂ ಜೀನು ಒತ್ತಿ ನೋಡಿದರು, ಇಬ್ಬರಿಗೂ ಚುಚ್ಚಿತು, ಇಬ್ಬರೂ ಕೈಗೆ ಬಟ್ಟೆ ಸುತ್ತಿಕೊಂಡು ಹೋದರು. ಗೊತ್ತಾಯಿತಲ್ಲ, ಇನ್ನೇನು ಬಂದು ಕೀಳ್ತಾರೆ ಅಂದುಕೊಂಡೆ. ಅದಾಗಿ ತಿಂಗಳಾಯಿತು."

ಚಿಕ್ಕೀರಮ್ಮನ ಕಣ್ಣಲ್ಲಿ ನೀರು ಬಂತು. ಆಮೇಲೆ ಸಿಟ್ಟು ಬಂತು. ನೇರವಾಗಿ ಲಾಯದ ಅಧಿಕಾರಿ ಹತ್ತಿರ ಹೋಗಿ, "ಸ್ವಾಮಿ, ಜೀನಿನ ಮೊಳೆ..." ಅಂದಳು ಅಷ್ಟೇ. ಅವನು ಎರಡೂ ಕಿವಿ ಮುಚ್ಚಿಕೊಂಡು, "ಆ ಜೀನಿನ ಬಗ್ಗೆ ಮಾತಾಡಿದರೆ ಸಿಂಹಾಸನದ ಬಗ್ಗೆ ಮಾತಾಡಿದ ಹಾಗೆ. ನೀನು ಬಂದಿಲ್ಲ, ನಾನು ಕೇಳಿಲ್ಲ. ಹೋಗು, ಹೋಗು" ಅಂದ.

ಸರಿ. ಬಾಯಲ್ಲಿ ಹೇಳಿದರೆ ತಲೆ ಹೋಗೋ ಮಾತನ್ನು ಬೇರೆಯವರ ಬಾಯಲ್ಲೇ ಹೇಳಿಸಬೇಕು ಅಂತ ಅವಳು ಯೋಚನೆ ಮಾಡಿದಳು.

ಮಾರನೇ ದಿನ ಸಭೆ ತುಂಬಿತ್ತು. ಭರಮಣ್ಣ ಮೀಸೆ ತಿರುವಿ ಹೇಳಿದ: "ಕುದುರೆ ಏನು ಬುದ್ಧೀ, ನನ್ನ ವಿದ್ಯೆಯಿಂದ ಯಾವ ಬೆನ್ನನ್ನಾದರೂ ಪಳಗಿಸ್ತೀನಿ!" ಚಿದಂಬರಯ್ಯನೂ ಬಿಡಲಿಲ್ಲ. "ನನ್ನ ವಿದ್ಯೆಗೆ ಪಳಗದ ಬೆನ್ನು ಭೂಮಿ ಮೇಲೇ ಇಲ್ಲ ಪ್ರಭು!"

ಚಿಕ್ಕೀರಮ್ಮ ಹಿಂದಿನಿಂದ ಎದ್ದು ಕೈಮುಗಿದಳು.

"ಬುದ್ಧೀ, ನಾನು ಹುಲ್ಲು ಕೊಯ್ಯೋಳು, ನನಗೇನು ತಿಳೀತದೆ. ಆದ್ರೂ ಒಂದು ಆಸೆ. ಕುದುರೆ ಬರೀ ಪ್ರಾಣಿ, ಅದಕ್ಕೆ ವಿದ್ಯೆ ಹತ್ತಲಿಲ್ಲ, ಬಿಡಿ. ಗುರುಗಳಿಗೇನು ಕಷ್ಟ? ರಾಜವಂಶದ ಜೀನನ್ನ ಅವರ ಬೆನ್ನಿಗೇ ಹಾಕಿ, ತಾವು ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಅವರವರ ಬೆನ್ನನ್ನ ಅವರವರ ವಿದ್ಯೆಯಲ್ಲಿ ಪಳಗಿಸ್ಕೊಳ್ಳಲಿ. ಯಾರು ಅಲುಗಾಡದೆ ಹೊರ್ತಾರೋ ಅವರೇ ಅಶ್ವಗುರು."

ಸಭೆ ಹೋ ಅಂತು. ಎರಡು ಪಕ್ಷದವರೂ ಕುಣಿದಾಡಿದರು. ರಾಜನಿಗಂತೂ ಬಹಳ ಸಂತೋಷ, ಯಾಕೆಂದರೆ ಈ ಕುದುರೆಗಳು ಅಷ್ಟು ಎತ್ತರ ಇರಲಿಲ್ಲ. ಗುರುಗಳ ಮುಖ ಮಾತ್ರ ಸುಣ್ಣ ಬಳಿದ ಹಾಗಾಯಿತು.

"ಅಂಥ ಪವಿತ್ರವಾದ ಜೀನು ನನ್ನ ಪಾಪಿ ಬೆನ್ನಿಗ್ಯಾಕೆ ಬುದ್ಧೀ" ಅಂದ ಭರಮಣ್ಣ.

"ನಾವು ಕ್ಷಮಿಸಿದ್ದೇವೆ" ಅಂದ ರಾಜ.

"ಇವತ್ತು ನನಗೆ ನಿರಾಹಾರ ಪ್ರಭು, ಮೈಯಲ್ಲಿ ಶಕ್ತಿ ಇಲ್ಲ" ಅಂದ ಚಿದಂಬರಯ್ಯ. ಶಾಲಿನ ಅಂಚಲ್ಲಿ ಹೋಳಿಗೆ ಹೂರಣ ಇನ್ನೂ ಒಣಗಿರಲಿಲ್ಲ.

"ನಾವೇನು ಅಷ್ಟು ಭಾರ ಇಲ್ಲ" ಅಂದ ರಾಜ. ಅದು ಸುಳ್ಳು.

"ಭರಮಣ್ಣನವರು ಹಿರಿಯರು, ಮೊದಲು ಅವರು." "ಛೆ ಛೆ, ವಿದ್ಯೆಯಲ್ಲಿ ಅಯ್ಯನೋರೇ ದೊಡ್ಡೋರು, ಅವರೇ ಮೊದಲು." ತಿಂಗಳಿಡೀ ಒಬ್ಬರನ್ನೊಬ್ಬರು ದಡ್ಡ ಅಂದವರು ಈಗ ಹೊಗಳಿದ್ದೇ ಹೊಗಳಿದ್ದು.

ಕಡೆಗೆ ಚಿದಂಬರಯ್ಯನನ್ನೇ ಹಿಡಿದು ಕೈಕಾಲೂರಿಸಿ, ಬೆನ್ನಿಗೆ ಜೀನು ಬಿಗಿದರು. ರಾಜ ಹತ್ತಿ ಕೂತ. ಚಿಕ್ಕೀರಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಿವಿಯಲ್ಲಿ ಅವನದೇ ಮಾತು ಪಿಸುಗುಟ್ಟಿದಳು: "ಎಳೆತನದ ದುಃಖ ನೆನೆಸ್ಕೋಬೇಡ ಮಗಾ. ನಿಧಾನವಾಗಿ ಉಸಿರು ಬಿಡು. ಎಲ್ಲಾ ಕರಗಿಹೋಗ್ತದೆ."

ಒಂದು ಎಣಿಸಿದರು. ಎರಡು ಎಣಿಸಿದರು. ಮೂರು ಎಣಿಸುವಷ್ಟರಲ್ಲಿ ಚಿದಂಬರಯ್ಯ, "ಅಯ್ಯಯ್ಯೋ, ಮೊಳೆ! ಏಳನೇ ಹೂವಿನ ಮೊಳೆ!" ಅಂತ ಕಿರುಚಿ ನೆಗೆದ. ರಾಜ ಮಂತ್ರಿಯ ತೊಡೆ ಮೇಲೆ ಹೋಗಿ ಬಿದ್ದ.

ಆಮೇಲೆ ಭರಮಣ್ಣ. ಅವನ ವಿದ್ಯೆ ಪ್ರಕಾರ ನೆಗೆಯೋ ಬೆನ್ನಿಗೆ ನಾಲ್ಕು ಏಟು. ಚಾಟಿಯನ್ನು ಅವನ ಶಿಷ್ಯನ ಕೈಗೇ ಕೊಟ್ಟರು. ಶಿಷ್ಯ ಹತ್ತು ವರ್ಷದಿಂದ ಇಂಥದೊಂದು ದಿನಕ್ಕೆ ಕಾಯುತ್ತಿದ್ದ ಅಂತ ಕಾಣುತ್ತದೆ, ಬಹಳ ಶ್ರದ್ಧೆಯಿಂದ ಹೊಡೆದ. ರಾಜ ಕೂತ. ಒಂದು, ಎರಡು, ಮೂರು. "ಅಯ್ಯಯ್ಯೋ, ಮೊಳೆ! ಏಳನೇ ಹೂವಿನ ಮೊಳೆ ಕಣ್ರಪ್ಪೋ!" ರಾಜ ಮತ್ತೆ ಮಂತ್ರಿಯ ತೊಡೆ ಮೇಲೆ.

ಎರಡು ವಿದ್ಯೆ. ಕೂಗು ಒಂದೇ.

ಚಿಕ್ಕೀರಮ್ಮ ಮೆಲ್ಲಗೆ ಕೇಳಿದಳು: "ಗುರುಗಳೇ, ಜೀನು ಇದ್ದದ್ದು ಬೆನ್ನ ಮೇಲೆ. ನಿಮ್ಮ ಕಣ್ಣು ಇದ್ದದ್ದು ನೆಲದ ಮೇಲೆ. ಚುಚ್ಚಿದ್ದು ಮೊಳೆ ಅಂತ ಹೆಂಗೆ ಗೊತ್ತಾಯ್ತು? ಅದೂ ಏಳು ಹೂವಲ್ಲಿ ಏಳನೇದೇ ಅಂತ?"

ಇಬ್ಬರೂ ಮೊಳೆಯ ಗುರುತಿದ್ದ ಅಂಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ರಾಜ ಎದ್ದ. ಜೀನಿನ ಅಡಿಗೆ ತನ್ನ ಅಂಗೈ ಇಟ್ಟ. "ಮಂತ್ರಿಗಳೇ, ಕೂತ್ಕೊಳ್ಳಿ" ಅಂದ. ಮಂತ್ರಿ ಕೂತ. ರಾಜನ ಅಂಗೈಯಿಂದ ರಕ್ತ ಬಂತು. ಅವನು ಕೂಗಲಿಲ್ಲ. ಮೇಲಿನ ಬೆಳ್ಳಿ ಹೂವನ್ನೇ ನೋಡುತ್ತಾ ನಿಂತ. ಸಭೆಯಲ್ಲಿ ಇದ್ದವರೆಲ್ಲ ಚಾವಣಿಯ ಕೆತ್ತನೆ ಎಷ್ಟು ಚೆನ್ನಾಗಿದೆ ಅಂತ ಅವತ್ತೇ ಮೊದಲ ಸಲ ಗಮನಿಸಿದರು. ಯಾರ ಮೊಳೆ ಅಂತ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

"ನನ್ನದು" ಅಂದ ರಾಜ. ಆ ಒಂದು ಮಾತು ಅವನ ಎಲ್ಲಾ ಬಿರುದಿಗಿಂತ ದೊಡ್ಡದಾಗಿತ್ತು. ಅವನಿಗೆ ನಿಜವಾಗಿಯೂ ನಾಚಿಕೆ ಆಗಿತ್ತು.

ಮಂತ್ರಿ ಮಾತ್ರ ಮಂತ್ರಿಯೇ. "ಪ್ರಭುಗಳು ಗುರುಗಳ ಪರೀಕ್ಷೆಗೆ ಅಂತಲೇ ಉದ್ದ ಮೊಳೆ ಹೊಡೆದಿರಬೇಕು, ಎಂಥ ದೂರದೃಷ್ಟಿ!" ಅಂದ. ರಾಜ ಅವನನ್ನು ಒಂದು ಸಲ ನೋಡಿದ. ಮಂತ್ರಿಯೂ ಚಾವಣಿ ನೋಡಿದ.

ಗುರುಗಳನ್ನು ಏನು ಮಾಡೋದು? ಗಾರೆ ಗಾಣಕ್ಕೆ ಒಂದು ಪ್ರಾಣಿ ಕಳಿಸ್ತೀವಿ ಅಂತ ಡಂಗುರ ಆಗಿಹೋಗಿತ್ತು. "ಗೊತ್ತಿಲ್ಲದೆ ತಪ್ಪು ಮಾಡಿದವನು ನಾನು. ಗೊತ್ತಿದ್ದೂ ಅದನ್ನು ಆ ಬಡಪಾಯಿ ಬೆನ್ನಿನಲ್ಲೇ ಬಿಟ್ಟವರು ನೀವು. ಅವಳ ಬದಲಿಗೆ ನೀವಿಬ್ಬರೂ ನಡೀರಿ" ಅಂದ ರಾಜ. ಕೋಟೆ ಗೋಡೆ ಮುಗಿಯುವ ತನಕ ಒಬ್ಬ ಈ ಕಡೆ, ಒಬ್ಬ ಆ ಕಡೆ. ಅಲ್ಲಿಗೆ ಹೋದ ಮೇಲೂ ಸುಮ್ಮನಿದ್ದರಾ? ಗಾಣ ಸುತ್ತೋದಕ್ಕೆ ಭಯ ಮುಖ್ಯವೋ ಪ್ರೀತಿ ಮುಖ್ಯವೋ ಅಂತ ಶುರು ಮಾಡಿದರು. ಅವರ ಜೊತೆ ಕಟ್ಟಿದ್ದ ಮುದಿ ಎತ್ತು, "ನನ್ನನ್ನ ಕೇಳಿದ್ರೆ, ಕಾಲು ಮುಖ್ಯ" ಅಂತು. ಕೇಳಿದ್ದರಿಂದಲ್ಲ, ಬೇಜಾರಾಗಿ.

ಇತ್ತ ರಾಜ ತಾನೇ ಇಕ್ಕಳ ಹಿಡಿದು ಮೊಳೆ ಕಿತ್ತ. ಹೊಡೆಯೋದಕ್ಕೆ ಮೂರು ಏಟು ಸಾಕಾಗಿತ್ತು, ಕೀಳೋದಕ್ಕೆ ಒಂದು ಬೆಳಿಗ್ಗೆ ಹಿಡಿಯಿತು. ಸಭೆಯವರು ಚಪ್ಪಾಳೆ ತಟ್ಟಬೇಕೋ ಬಾರದೋ ಗೊತ್ತಾಗದೆ ಕೈ ಅರ್ಧಕ್ಕೆ ಎತ್ತಿ ನಿಂತಿದ್ದರು.

ಯುಗಾದಿಯ ಮಾರನೇ ದಿನ ಬಂತು. ಗಡಿ ಸುತ್ತುವ ದಿನ. ಕಹಳೆಯವರು ಬಂದರು, ಪಕ್ಕದ ರಾಜ್ಯದ ದೂತನೂ ಬೀಳೋದನ್ನು ನೋಡೋಣ ಅಂತ ಬಂದ. ರಾಜ ಲಾಯಕ್ಕೆ ಹೋಗಿ ಕೆಂಚಿಯ ಮುಂದೆ ನಿಂತ. ಏಳು ತಲೆಮಾರಿನಲ್ಲಿ ಯಾವ ರಾಜನೂ ಕುದುರೆಯನ್ನು ಕೇಳದ ಮಾತು ಕೇಳಿದ.

"ಕೆಂಚೀ, ಮೊಳೆ ಕಿತ್ತಿದ್ದೀನಿ. ಹತ್ತಲಾ?"

ಕೆಂಚಿ ಕತ್ತು ತಿರುಗಿಸಿ ತನ್ನ ಬೆನ್ನು ನೋಡಿಕೊಂಡಳು.

"ಇವತ್ತು ಬೇಡ" ಅಂದಳು. "ಮೊಳೆ ಹೋಗಿದೆ. ಗಾಯ ಇನ್ನೂ ಇದೆ."

ಮಂತ್ರಿಯ ಪ್ರಾಣವೇ ಹಾರಿಹೋಯಿತು. ರಾಜನಿಗೆ ಹುಟ್ಟಿದಾಗಿನಿಂದ 'ಬೇಡ' ಅಂದವರಿಲ್ಲ. ಅವನ ಮುಖ ಕೆಂಪಾಯಿತು. ಚಿಕ್ಕೀರಮ್ಮ ಹುಲ್ಲಿನ ಹೊರೆ ಹಿಡಿದು ಕೆಂಚಿಯ ಪಕ್ಕಕ್ಕೆ ಬಂದು ನಿಂತಳು. ಒಂದು ಕ್ಷಣ ಎಲ್ಲ ಹಳೇ ದಾರಿಗೇ ಹೋಗೋ ಹಾಗಿತ್ತು.

ರಾಜ ಬಗ್ಗಿ ಕಾಲಿನ ಪಾದುಕೆ ಬಿಗಿದುಕೊಂಡ.

"ನಡೆಯೋಕಾದರೂ ಬರ್ತೀಯಾ?" ಅಂತ ಕೇಳಿದ.

"ನಡೆಯೋಕೆ ಬರ್ತೀನಿ" ಅಂದಳು ಕೆಂಚಿ.

ಇಬ್ಬರೂ ನಡೆದರು. ಜೀನಿಲ್ಲ, ಕಡಿವಾಣ ಇಲ್ಲ. ಊಟದ ಹೊತ್ತಿಗೆ ಮುಗಿಯಬೇಕಾದ ಗಡಿ ಮುಗಿಯೋದಕ್ಕೆ ಸಂಜೆಯಾಯಿತು. ರಾಜನ ಕಾಲಿಗೆ ಬೊಬ್ಬೆ ಬಂದವು. ಬೊಬ್ಬೆ ಬಂದ ಕಾಲಿಗೆ ಪ್ರತಿ ಗಡಿಗಲ್ಲೂ ಗುರುತಾಯಿತು. ಯಾವ ಕಲ್ಲು ಎಲ್ಲಿದೆ ಅಂತ ಇಷ್ಟು ಚೆನ್ನಾಗಿ ಗೊತ್ತಿದ್ದ ರಾಜ ಆ ಸೀಮೆಯಲ್ಲೇ ಇರಲಿಲ್ಲ. ಪಕ್ಕದ ದೂತ ಬೀಳೋದನ್ನು ನೋಡಲು ಬಂದವನು ಜೊತೆಗೆ ನಡೆದೂ ನಡೆದೂ ಸುಸ್ತಾಗಿ, ಒಂದು ಗಡಿಗಲ್ಲನ್ನೂ ಕಿತ್ತು ಈಚೆಗೆ ಸರಿಸೋ ಆಸೆ ಉಳಿಯದೆ ಊರಿಗೆ ಹೋದ.

ಹದಿನೈದು ದಿನ ಬಿಟ್ಟು ಕೆಂಚಿ, "ಇವತ್ತು ಹತ್ತಬಹುದು" ಅಂದಳು. ಹತ್ತಿದ. ಬೀಳಲಿಲ್ಲ.

ಅಂಕಣದುರ್ಗದ ಜನ ಈಗಲೂ ಕುದುರೆಗೆ ಚಾಟಿ ಒಳ್ಳೇದೋ ಪಿಸುಮಾತು ಒಳ್ಳೇದೋ ಅಂತ ವಾದ ಮಾಡುತ್ತಲೇ ಇದ್ದಾರಂತೆ. ಅದು ಅವರ ಸುಖ, ನಾವು ಕೆಡಿಸೋದು ಬೇಡ. ನೀವು ಮಾತ್ರ ಇಷ್ಟು ನೆನಪಿಟ್ಟುಕೊಳ್ಳಿ. ಯಾರಾದರೂ ನಿಮ್ಮ ಭಾರ ಹೊರೋದಿಲ್ಲ ಅಂತ ನೆಗೆದರೆ, ಅವರನ್ನು ಹೊಡೆದು ಬಗ್ಗಿಸೋದೋ ಮುದ್ದು ಮಾಡಿ ಬಗ್ಗಿಸೋದೋ ಅಂತ ಸಭೆ ಸೇರಿಸಬೇಡಿ. ಎಲ್ಲಿ ನೋಯ್ತಿದೆ ಅಂತ ಮೊದಲು ಅವರನ್ನೇ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಉತ್ತರ ಕೇಳಿಸಿಕೊಳ್ಳಿ. ಮೊಳೆ ನಿಮ್ಮದೇ ಆಗಿರಬಹುದು.